ಬಿಡಿಯಾಗಿ ಬಿಟ್ಟ ಒಂದು ತಂತಿ

ತಮ್ಮ ಹೋದ ಮೇಲೆ ನಾನು ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. ಸೊಳ್ಳೆಗಳಿಗೆ ಬೈದೆ, ಡಾಕ್ಟರರಿಗೆ ಬೈದೆ, ಮೈ ಕೆಂಡದಂತೆ ಸುಡುತ್ತಿದ್ದರೂ "ಏನಿಲ್ಲಕ್ಕಾ, ಗುಳಿಗಿ ತಗೊಂಡೀನಿ" ಎಂದು ಡ್ಯೂಟಿಗೆ ಹೋದ ಅವನಿಗೇ ಬೈದೆ. ಬೈಸಿಕೊಳ್ಳಲು ಇನ್ಯಾರೂ ಉಳಿಯದಿದ್ದಾಗ ಒಂದು ಕೇಬಲ್ಲಿಗೆ ಬೈಯತೊಡಗಿದೆ. ಆ ಕೇಬಲ್ಲಿನ ಒಂದು ತುದಿ ಅವನ ಹಳೆಯ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿ ನಮ್ಮ ಅಡುಗೆಮನೆಯ ಗೋಡೆಗೆ ಅವನು ಕೂರಿಸಿದ್ದ ಒಂದು ಸಣ್ಣ ಬೋರ್ಡಿಗೆ. ಬೆಂಕಿಪೆಟ್ಟಿಗೆಯಷ್ಟೂ ಅಗಲವಿಲ್ಲ ಅದು. ಅದರೊಳಗೆ ನಾನು ನಾಲ್ಕಾರು ಸಾಲು ಹೊಸ ಕೋಡ್ ತುಂಬಬೇಕಾಗಿತ್ತು. ಅದು ತುಂಬಿಸಿಕೊಳ್ಳುತ್ತಿರಲಿಲ್ಲ.

ನಾವು ಸಯನ್ನಿನ ಒಂದು ಹಳೆಯ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿದ್ದೆವು: ಅವ್ವ, ನಾನು, ತಮ್ಮ. ಅಪ್ಪ ನೌಕರಿಗೆಂದು ಧಾರವಾಡದಿಂದ ಇಲ್ಲಿಗೆ ಬಂದವರು, ನಾವಿನ್ನೂ ಓದುತ್ತಿರುವಾಗಲೇ ಹೋಗಿಬಿಟ್ಟರು. ನಾನೂ ಮದುವೆಯಾಗಲಿಲ್ಲ, ತಮ್ಮನೂ ಆಗಲಿಲ್ಲ. ಯಾಕೆ ಎಂದು ಕೇಳಿದ ಬೀಗರು ಬಿಜ್ಜರಿಗೆಲ್ಲ ಉತ್ತರ ಕೊಟ್ಟು ನಾಲಿಗೆ ಸವೆದಿದೆ, ಇಲ್ಲಿ ಮತ್ತೆ ಕೊಡುವುದಿಲ್ಲ. ನನ್ನದು ವಿಲೆ ಪಾರ್ಲೆಯಲ್ಲಿ, ವಿಮಾನದಲ್ಲಿ ಸರಕು ಕಳಿಸುವವರ ಆಫೀಸಿನಲ್ಲಿ ಬಿಲ್ಲು ಮಾಡುವ ಕೆಲಸ. ತಮ್ಮನದು ಚೆಂಬೂರಿನ ಆಚೆಯ ಒಂದು ಕಾರ್ಖಾನೆಯಲ್ಲಿ ಮೀಟರುಗಳನ್ನು ನೋಡಿಕೊಳ್ಳುವ ಕೆಲಸ. ಮನೆಗೆ ಬಂದ ಮೇಲೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಊಟದ ಟೇಬಲ್ಲಿನ ಅರ್ಧ ಅವನ ತಂತಿ, ಇಕ್ಕಳ, ಬೆಸುಗೆ ಕಡ್ಡಿಗಳದ್ದು. ಉಪ್ಪಿನಕಾಯಿ ಎಂದು ಬಾಟಲಿ ತೆಗೆದರೆ ಒಳಗೆ ಸ್ಕ್ರೂ ಇರುತ್ತಿದ್ದವು. ಅದಕ್ಕೂ ಬೈಯುತ್ತಿದ್ದೆ. "ಅಕ್ಕನ ಬೈಗಳ ಇಲ್ಲದ ದಿನಾ ಸೂರ್ಯಾನ ಹುಟ್ಟಂಗಿಲ್ಲ" ಎನ್ನುತ್ತಿದ್ದ.

ಅವ್ವನ ಕಿವಿ ಸ್ವಲ್ಪ ಸ್ವಲ್ಪವೇ ಹೋಯಿತು. ಮೊದಲು ಕುಕ್ಕರಿನ ಸೀಟಿ, ಆಮೇಲೆ ಫೋನು, ಕೊನೆಗೆ ಬಾಗಿಲ ಗಂಟೆ. ಕಿವಿಗೆ ಹಾಕುವ ಮಶೀನು ತಂದುಕೊಟ್ಟೆವು. "ತಲ್ಯಾಗ ಯಾರೋ ಹಂಚು ಉಜ್ಜಿಧಂಗ ಆಗ್ತದ" ಎಂದು ಅದನ್ನು ಕಪಾಟಿನಲ್ಲಿಟ್ಟಳು. ಎದುರಿಗೆ ನಿಂತು, ತುಟಿ ಕಾಣುವ ಹಾಗೆ ಜೋರಾಗಿ ಮಾತಾಡಿದರೆ ತಿಳಿಯುತ್ತಿತ್ತು. ಆದರೆ ಹಗಲೆಲ್ಲ ಮನೆಯಲ್ಲಿ ಒಬ್ಬಳೇ. ಗ್ಯಾಸಿನವನು ಗಂಟೆ ಒತ್ತಿ ಒತ್ತಿ ಸಿಲಿಂಡರನ್ನು ವಾಪಸ್ಸು ಒಯ್ದ. ಒಂದು ಸಂಜೆ ತಮ್ಮ ಚಾವಿ ಮರೆತು ಹೋಗಿ, ನಾನು ಬರುವವರೆಗೆ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಅವ್ವ ಇವನಿನ್ನೂ ಬರಲಿಲ್ಲವೆಂದು ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ಮಾರನೆಯ ವಾರವೇ ಅವನು ಆ ಬೋರ್ಡು ತಂದ.

ಅಡುಗೆ ಕಟ್ಟೆಯ ಮೇಲೆ, ಅವ್ವನ ಕಣ್ಣಿನ ಎತ್ತರಕ್ಕೆ ಸರಿಯಾಗಿ, ಒಂದು ಹಳೆಯ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಬೋರ್ಡು ಕೂರಿಸಿದ. ಅದರ ಕೆಳಗೆ ಗೇಣುದ್ದದ ಒಂದು ದೀಪದ ಪಟ್ಟಿ. ಹೊರಗೆ ಯಾರಾದರೂ ಗಂಟೆ ಒತ್ತಿದರೆ ದೀಪ ಪಟಪಟನೆ ಮಿಟುಕುತ್ತಿತ್ತು. ಮೂರು ಸಲ ಬೇಗ ಬೇಗ ಒತ್ತಿದರೆ ಮಾತ್ರ ಬೇರೆ: ದೀಪ ನಿಧಾನವಾಗಿ ಬೆಳಗಿ, ನಿಧಾನವಾಗಿ ಮಂಕಾಗಿ, ಮತ್ತೆ ಬೆಳಗುತ್ತಿತ್ತು. ಒಲೆಯ ಕೆಂಡಕ್ಕೆ ಊದಿದಾಗ ಕೆಂಪೇರಿ ಮತ್ತೆ ತಣ್ಣಗಾಗುತ್ತದಲ್ಲ, ಹಾಗೆ. ಅದು ತಮ್ಮನದು. ಆ ದೀಪ ಕಂಡರೆ ಅವ್ವ ಬಾಗಿಲು ತೆಗೆದು ಬಂದು ಹಂಚು ಕಾಯಲು ಇಡುತ್ತಿದ್ದಳು. ಅವನು ಬೂಟು ಬಿಚ್ಚಿ ಮುಖ ತೊಳೆದು ಬರುವುದರೊಳಗೆ ಮೊದಲ ರೊಟ್ಟಿ ತಾಟಿನಲ್ಲಿ. ಚಾವಿ ಜೇಬಿನಲ್ಲಿದ್ದರೂ ಅವನು ಗಂಟೆಯನ್ನೇ ಒತ್ತುತ್ತಿದ್ದ.

"ಅಕ್ಕಾ, ನಿನಗೂ ಒಂದು ಬ್ಯಾರೆ ಹಾಕಿಕೊಡ್ಲ್ಯಾ?" ಎಂದು ಕೇಳಿದ್ದ. "ನಂಗ್ಯಾಕಪ್ಪಾ, ನನ್ನ ಕಡೆ ಚಾವಿ ಅದ" ಎಂದಿದ್ದೆ. ನಿಜ ಹೇಳಬೇಕೆಂದರೆ ದಾದರಿನಲ್ಲಿ ಗಾಡಿ ಬದಲಿಸಿ, ನಿಂತುಕೊಂಡೇ ಸಯನ್ನಿಗೆ ಬಂದು, ಎರಡು ಮಹಡಿ ಹತ್ತಿದ ಮೇಲೆ ನನಗೆ ದೀಪ, ಧೂಪ ಯಾವುದೂ ಬೇಡವಾಗಿರುತ್ತಿತ್ತು. ನಾನು ಬರುವುದೂ ಅವನು ಬಂದು ಉಂಡ ಮೇಲೆಯೇ. ಹಾಗಾಗಿ ಅವನ ದೀಪವನ್ನು ನಾನು ಎದುರಿಗೆ ನಿಂತು ನೆಟ್ಟಗೆ ನೋಡಿದ್ದು ಕಡಿಮೆ. ನೋಡುವುದೇನಿದೆ ಅದರಲ್ಲಿ, ದಿನಾ ಇರುವುದೇ ಅಲ್ಲವೇ ಅಂದುಕೊಂಡಿದ್ದೆ.

ಮಳೆಗಾಲ ಮುಗಿಯುವ ಮುನ್ನ ಅವನು ಹೋದ. ಜ್ವರವೆಂದು ಆಸ್ಪತ್ರೆಗೆ ಸೇರಿಸಿದೆವು. ಪ್ಲೇಟ್‌ಲೆಟ್ ಏರಿತು ಎಂದರು, ಇಳಿಯಿತು ಎಂದರು, ಆಮೇಲೆ ಏನೂ ಹೇಳಲಿಲ್ಲ. ನನಗಿಂತ ಆರು ವರ್ಷ ಚಿಕ್ಕವನು. ನಾನೇ ಎತ್ತಿ ಆಡಿಸಿದ ಹುಡುಗನನ್ನು ನಾನೇ ಕಳಿಸಿ ಬಂದೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಮನೆಗೆ ಬಂದವರೆಲ್ಲ ಹೊರಟುಹೋಗಿ, ನಾನು ಮತ್ತೆ ಆಫೀಸಿಗೆ ಹೋಗತೊಡಗಿದೆ. ಒಂದು ಶನಿವಾರ ಮಧ್ಯಾಹ್ನವೇ ಬಂದು ಮಲಗಿದ್ದೆ. ಸಂಜೆ, ತಮ್ಮ ಬರುವ ಹೊತ್ತಿಗೆ, ಗಂಟೆ ಮೂರು ಸಲ ಹೊಡೆಯಿತು. ಎದ್ದು ಓಡಿ ಬಾಗಿಲು ತೆಗೆದರೆ ಹೂವಿನವಳು, ಚಿಲಕಕ್ಕೆ ಹೂವಿನ ಪೊಟ್ಟಣ ಸಿಕ್ಕಿಸುತ್ತಿದ್ದಾಳೆ. ವಿಜಯಪುರದ ಕಡೆಯವಳು, ಸ್ಟೇಷನ್ನಿನ ಹತ್ತಿರ ಕೂರುತ್ತಾಳೆ, ಸಂಜೆ ನಮ್ಮ ಓಣಿಯ ಮನೆಗಳಿಗೆಲ್ಲ ಮರುದಿನದ ಪೂಜೆಯ ಹೂವು ಕೊಟ್ಟುಹೋಗುತ್ತಾಳೆ. ಯಾವತ್ತೂ ಗಂಟೆ ಒತ್ತುತ್ತಿರಲಿಲ್ಲ.

"ಏನವಾ, ತಲಿ ಗಿಲಿ ಕೆಟ್ಟದೇನು? ಹೂ ಸಿಗಿಸಿ ಹೋಗಾಕ ಮೂರ ಸಲಾ ಗಂಟಿ ಯಾಕ?"

ಅವಳು ನನ್ನ ಭುಜದ ಮೇಲಿಂದ ಒಳಗೆ ನೋಡಿದಳು. "ಅಮ್ಮಾರು ಒತ್ತಂತ ಹೇಳ್ಯಾರ್ರೀ ಅಕ್ಕಾರ. ದಿನಾ ಒತ್ತತೀನ್ರಿ."

ಅಡುಗೆಮನೆಗೆ ಹೋದೆ. ಅವ್ವ ಕಟ್ಟೆಗೆ ಎರಡೂ ಕೈ ಊರಿ ದೀಪದೆದುರು ನಿಂತಿದ್ದಳು. ದೀಪ ಆಗಲೇ ಮಂಕಾಗುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಅವಳನ್ನು ನನ್ನ ಕಡೆ ತಿರುಗಿಸಿ, ಇದೆಂಥ ಹುಚ್ಚಾಟ, ಮಂದಿ ಏನಂದಾರು ಎಂದು ಕೂಗಿದೆ. ಅವ್ವ ನನ್ನ ತುಟಿಗಳನ್ನೇ ನೋಡಿ, ಪೂರ್ತಿ ಮುಗಿಯುವವರೆಗೆ ಕಾದಳು.

"ಅಂವಾ ಬಂದಾನಂತ ತಿಳ್ಕೊಳ್ಳಾಕಿ ಅಲ್ಲವಾ ನಾ. ಅಷ್ಟು ಬುದ್ಧಿ ಅದ ನನಗ. ಅಂವಾ ಮಾಡಿಟ್ಟ ದೀಪ ಅದು. ದಿನಕ್ಕೊಮ್ಮೆ ನೋಡತೀನಿ. ನೋಡಿ ರೊಟ್ಟಿ ಬಡೀತೀನಿ. ಅದ್ರಾಗ ಯಾರ ಗಂಟ ಏನ ಹೋಗ್ತದ?"

ಯಾರ ಗಂಟೂ ಹೋಗುತ್ತಿರಲಿಲ್ಲ. ಮಾರನೆಯ ದಿನ ಹೂವಿನವಳಿಗೆ, ಒತ್ತವಾ, ದಿನಾ ತಪ್ಪದೆ ಒತ್ತು ಎಂದು ನಾನೇ ಹೇಳಿಬಂದೆ. ತಮ್ಮ ಮನೆಯಲ್ಲಿ ಉಳಿಸಿ ಹೋದದ್ದರಲ್ಲಿ ಇನ್ನೂ ಜೀವವಿದ್ದದ್ದು ಅದೊಂದೇ. ಅಂಗಿಗಳು ಮಡಚಿಟ್ಟಲ್ಲೇ ಇದ್ದವು, ಇಕ್ಕಳ ಟೇಬಲ್ಲಿನ ಮೇಲೇ ಇತ್ತು. ಆ ದೀಪ ಮಾತ್ರ ಅವನು ಹೇಳಿದ್ದನ್ನು ಈಗಲೂ ಮಾಡುತ್ತಿತ್ತು.

ಆಮೇಲೆ ಒಂದು ದಿನ ನಾನು ಚಾವಿ ಹಾಕಿ ಒಳಗೆ ಬಂದು ಅವ್ವನ ಹಿಂದೆ ನಿಂತದ್ದು ಅವಳಿಗೆ ತಿಳಿಯಲಿಲ್ಲ. ತಿರುಗಿದವಳು ಬೆಚ್ಚಿಬಿದ್ದು ಬಿಸಿ ಸಾರಿನ ಪಾತ್ರೆ ಕಾಲಮೇಲೆ ಹಾಕಿಕೊಂಡಳು. ಬೊಬ್ಬೆ ಎದ್ದವು. ಮುಲಾಮು ಹಚ್ಚುತ್ತ ಕೂತಿದ್ದಾಗ ಅವಳೇ ಎತ್ತಿದಳು ಮಾತು.

"ಕಳ್ಳರಂಗ ಬರಬ್ಯಾಡ. ಗಂಟಿ ಒತ್ತಿ ಬಾ."

"ಒತ್ತಿದ್ರ ಕೊರಿಯರದಾಂವ ಅಂತ ತಿಳೀತಿ ನೀ."

"ಅದಕ್ಕಽ ಹೇಳಾಕತ್ತೀನಿ. ತಮ್ಮಗ ಇಲ್ಲೇನು ಒಂದು? ಹಂಗ ನಿಂದೊಂದು ಮಾಡು. ನೀನೂ ನನ್ನ ಹೊಟ್ಟ್ಯಾಗಽ ಹುಟ್ಟಿಲ್ಲೇನು? ನೀ ಬಂದೀ ಅಂತ ನನಗ ದೂರಿಂದಽ ತಿಳೀಬೇಕು."

ಐವತ್ತು ದಾಟಿದವಳು ನಾನು, ಆ ಮಾತಿಗೆ ಮುಲಾಮಿನ ಮುಚ್ಚಳವನ್ನು ತಿರುಗಿಸುತ್ತಲೇ ಕೂತೆ. ಇಷ್ಟು ವರ್ಷ ಆ ಮನೆಯ ದೀಪದ ಲೆಕ್ಕದಲ್ಲಿ ನಾನೂ ಗ್ಯಾಸಿನವನೂ ಒಂದೇ ಆಗಿದ್ದೆವು. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು ಎಂಬುದು ನನಗೇ ಅವತ್ತು ತಿಳಿಯಿತು. ಮಾಡಿಯೇ ತೀರುತ್ತೇನೆ ಎಂದುಕೊಂಡೆ. ಎರಡು ಸಲ ಒತ್ತಿದರೆ ನಾನು, ಮೂರು ಸಲ ಒತ್ತಿದರೆ ತಮ್ಮ.

ಬಿಲ್ಲು ಮಾಡುವವಳಿಗೆ ಕೋಡ್ ಎಲ್ಲಿಂದ ಬರಬೇಕು? ಅವನ ಹಳೆಯ ಲ್ಯಾಪ್‌ಟಾಪು ತೆಗೆದು ಹುಡುಕಿದೆ. ಬಾಗಿಲ ದೀಪದ್ದೇ ನಾಲ್ಕೈದು ಫೈಲುಗಳಿದ್ದವು. ಡೋರ್, ಡೋರ್ ಹೊಸಾದು, ಡೋರ್ ಫೈನಲ್, ಕೊನೆಗೆ ಡೋರ್ ಫೈನಲ್ ಅವ್ವ. ಆ ಕೊನೆಯದನ್ನೇ ತೆರೆದೆ. ದೀಪ ಎಷ್ಟು ನಿಧಾನ ಬೆಳಗಬೇಕು ಎನ್ನುವ ಅಂಕಿಯ ಪಕ್ಕದಲ್ಲಿ ತನಗೇ ಗುರುತಿಗೆಂದು ಬರೆದುಕೊಂಡಿದ್ದ, ಅವ್ವ ಇನ್ನಷ್ಟು ಸ್ಲೋ ಅಂತಾಳ. ಅವನ ದನಿಯೇ ಕೇಳಿದ ಹಾಗಾಯಿತು. ಬಹಳ ಹೊತ್ತು ಪರದೆ ಮಂಜಾಗಿಯೇ ಕಾಣುತ್ತಿತ್ತು.

ವಿಡಿಯೊ ನೋಡಿ, ಅವನ ಸಾಲುಗಳನ್ನೇ ನಕಲು ಮಾಡಿ, ಮೂರು ಇದ್ದಲ್ಲಿ ಎರಡು ಹಾಕಿ ನನ್ನದೊಂದು ತುಂಡು ಸೇರಿಸಿದೆ. ಅವನದನ್ನು ಮುಟ್ಟಲಿಲ್ಲ. ಹೊಸ ಕೋಡ್ ಏರಿದರೆ ಬೋರ್ಡಿನೊಳಗಿನ ಹಳೆಯದು ಅಳಿಸಿಹೋಗುತ್ತದೆ ಎಂದು ವಿಡಿಯೊದವನು ಹೇಳಿದ್ದ. ಅಳಿಸಿದರೆ ಅಳಿಸಲಿ, ಅವನದೂ ನನ್ನದೂ ಎರಡೂ ಇದರಲ್ಲಿ ಇದೆಯಲ್ಲ, ಒಟ್ಟಿಗೇ ಏರುತ್ತದೆ ಎಂದುಕೊಂಡೆ. ಅಪ್‌ಲೋಡ್ ಒತ್ತಿದೆ. ಕೆಂಪು ಅಕ್ಷರಗಳ ಒಂದು ರಾಶಿ ಬಂತು. ಬೋರ್ಡು ಸೇರಿಸಿದ ಜಾಗ, ಆ ಪೋರ್ಟೇ ಕಂಪ್ಯೂಟರಿಗೆ ಸಿಗಲಿಲ್ಲವಂತೆ.

ಅಲ್ಲಿಂದ ಶುರುವಾಯಿತು ನೋಡಿ. ಆಫೀಸಿಲ್ಲದ ಭಾನುವಾರಗಳೆಲ್ಲ ಅದಕ್ಕೇ ಹೋದವು. ಮೊದಲು ಕೇಬಲ್ಲು. ಬೋರ್ಡಿನ ಪುಟ್ಟ ದೀಪ ಹತ್ತುತ್ತಿತ್ತು, ಅಂದಮೇಲೆ ಕೇಬಲ್ಲು ಸರಿಯಿದೆ ಎಂದು ನನ್ನ ವಾದ. ಸರಿಯಿರಲಿಲ್ಲ. ಕೆಲವು ಕೇಬಲ್ಲುಗಳು ಮೊಬೈಲು ಚಾರ್ಜು ಮಾಡಲಿಕ್ಕಷ್ಟೇ, ಅವುಗಳಲ್ಲಿ ಕರೆಂಟು ಹರಿಯುತ್ತದೆ, ಮಾತು ಹರಿಯುವುದಿಲ್ಲ. ಅನ್ನ ಹಾಕಿ ಮಾತಾಡಿಸದೆ ಇರುವ ಸೊಸೆಯಂಥ ಕೇಬಲ್ಲು. ಅದನ್ನು ಕಿತ್ತು ಮೂಲೆಗೆಸೆದು, ತಮ್ಮನ ಡಬ್ಬಿಗಳನ್ನೆಲ್ಲ ಜಾಲಾಡಿ ಇನ್ನೊಂದು ಹುಡುಕಿದೆ. ಪೋರ್ಟು ಕಂಡಿತು. ಅಪ್‌ಲೋಡ್ ಒತ್ತಿದೆ. ಈ ಸಲ ಬೇರೆ ಕೆಂಪು ಸಾಲು: ನಾಟ್ ಇನ್ ಸಿಂಕ್. ಕಂಪ್ಯೂಟರು ಕೂಗುತ್ತದೆ, ಬೋರ್ಡು ಓಗೊಡುವುದಿಲ್ಲ. ಕಂಪ್ಯೂಟರು ಪಾಪ, ಮತ್ತೆ ಮತ್ತೆ ಕೂಗಿ ಸುಸ್ತಾಗಿ ಬಿಟ್ಟುಬಿಡುತ್ತದೆ. ಕಿವುಡಿಯ ಮನೆಯಲ್ಲಿದ್ದು ಇದಕ್ಕೂ ಅದೇ ರೋಗ ಅಂಟಿತೇನೋ ಎಂದು ನನಗೆ ನಗು ಬಂತು, ನಗುತ್ತಲೇ ಅಳು ಬಂತು.

ಯಾವುದೋ ವಿಡಿಯೊದಲ್ಲಿ, ಅಗ್ಗದ ಬೋರ್ಡುಗಳಿಗೆ ಬೇರೆ ಡ್ರೈವರು ಹಾಕಬೇಕೆಂದರು. ಹಾಕಿದೆ. ಇನ್ನೊಬ್ಬರು, ಮೆನುವಿನಲ್ಲಿ ಬೋರ್ಡಿನ ಹಳೆಯ ತಳಿಯನ್ನು ಆರಿಸಬೇಕೆಂದರು. ಆರಿಸಿದೆ. ಬೋರ್ಡಿನ ಗುಂಡಿ ಒತ್ತಿಹಿಡಿದು, ಅಪ್‌ಲೋಡ್ ಶುರುವಾದ ಕ್ಷಣಕ್ಕೆ ಬಿಡಬೇಕೆಂದರು. ಅದನ್ನೂ ಮಾಡಿದೆ, ಎಡಗೈಯಲ್ಲಿ ಗುಂಡಿ, ಬಲಗೈಯಲ್ಲಿ ಮೌಸು, ಉಸಿರು ಬಿಗಿಹಿಡಿದು. ನಾಟ್ ಇನ್ ಸಿಂಕ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಕಂಪ್ಯೂಟರಿಗೆ ಬೈದೆ, ಕಟ್ಟೆಗೆ ಬೈದೆ. ಅವ್ವ ಪಕ್ಕದಲ್ಲಿ ಬಳ್ಳೊಳ್ಳಿ ಸುಲಿಯುತ್ತ ನನ್ನ ತುಟಿ ನೋಡುತ್ತಿದ್ದಳು. "ಏನ್ ಬೈತೀ? ತಮ್ಮಗೇನು?" ಎಂದು ಕೇಳಿದಳು. "ಅವಗಽ" ಎಂದೆ. "ಬೈ, ಬೈ. ಬೈಸ್ಕೊಂಡು ಬಾಳ ದಿನಾ ಆತು ಅಂವಾ" ಎಂದಳು.

ಆಫೀಸಿಗೆ ರಜೆ ಹಾಕಿ ಬೋರ್ಡಿನ ಫೋಟೊ ಹಿಡಿದು ಗ್ರಾಂಟ್ ರೋಡಿನ ಹತ್ತಿರ ಇಂಥ ಸಾಮಾನು ಮಾರುವ ಅಂಗಡಿಗಳಿಗೂ ಹೋದೆ. ಅಂಗಡಿಯವನು ಫೋಟೊ ಸರಿಯಾಗಿ ನೋಡಲೂ ಇಲ್ಲ. "ಪುರಾನಾ ಹೈ ಮೇಡಂ, ಫೇಂಕ್ ದೋ. ನಯಾ ಲೇ ಜಾವೋ, ಉಸ್ಮೇ ಡಾಲೋ" ಎಂದು ಒಂದು ಹೊಸ ಬೋರ್ಡು ಮುಂದಿಟ್ಟ. ನನಗೆ ಮೈಯೆಲ್ಲ ಉರಿಯಿತು. ನನ್ನ ತಮ್ಮ ಕೈಯಾರೆ ಬೆಸುಗೆ ಹಾಕಿ ಕೂರಿಸಿದ್ದನ್ನು ಬಿಸಾಡು ಅನ್ನುತ್ತಾನಲ್ಲ, ಇವನ ಬಾಯಿಗೆ ಬೆಂಕಿ ಬೀಳ. ನಮ್ಮ ಮನೆಯಲ್ಲಿ ಹೊಸದು ಬೇಕಾಗಿಲ್ಲ ಎಂದು ಅವನ ಮುಖಕ್ಕೇ ಹೇಳಿ, ಸಿಕ್ಕ ಲೋಕಲ್ಲು ಹತ್ತಿ ಬಂದುಬಿಟ್ಟೆ. ಆ ಹೊಸ ಬೋರ್ಡನ್ನು ತಂದು ಹಳೆಯದನ್ನು ಹಾಗೇ ತೆಗೆದಿಟ್ಟಿದ್ದರೆ ಇವತ್ತು ಈ ಕಥೆಯೇ ಇರುತ್ತಿರಲಿಲ್ಲ. ಪ್ರೀತಿಗೂ ಒಂದೊಂದು ಸಲ ಬುದ್ಧಿ ಇರುವುದಿಲ್ಲ.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಡಬ್ಬಿಯ ಮುಚ್ಚಳವನ್ನು ಗೋಡೆಯಿಂದ ಪೂರ್ತಿ ಬಿಚ್ಚಿ, ಬೆಳಕಿಗೆ ತಿರುಗಿಸಿ ಹಿಡಿದು ನೋಡುತ್ತ ಕೂತೆ. ತಮ್ಮನ ಕೆಲಸ ಅಚ್ಚುಕಟ್ಟು. ಪ್ರತಿ ತಂತಿಯ ತುದಿಗೂ ಸಾಸಿವೆಯಷ್ಟು ಬೆಸುಗೆ, ಎಲ್ಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದೇ ಒಂದು ತಂತಿಗೆ ಮಾತ್ರ ಬೆಸುಗೆಯಿಲ್ಲ. ಹೊರಗಿನ ಗಂಟೆಯ ಸ್ವಿಚ್ಚಿನಿಂದ ಬರುವ ಹಸಿರು ತಂತಿ, ಬೋರ್ಡಿನ ಅಂಚಿನ ತೂತಿಗೆ ಸುಮ್ಮನೆ ಸಿಕ್ಕಿಸಿದ್ದು. ಅದು ಸಡಿಲವಾಗಿದೆಯೆಂದು ಅಷ್ಟು ದಿನವೂ ನಾನು ಒತ್ತಿ ಒತ್ತಿ ಒಳಗೆ ತಳ್ಳುತ್ತಿದ್ದೆ. ಮರೆತನೇ? ಅವನು ಮರೆಯುವವನಲ್ಲ. ಎಲ್ಲದಕ್ಕೂ ಬೆಸುಗೆ ಹಾಕಿದವನು ಇದೊಂದನ್ನು ಬಿಡಿಯಾಗಿ ಯಾಕೆ ಬಿಟ್ಟ?

ಆ ತೂತಿನ ಪಕ್ಕದಲ್ಲಿ ಸೊನ್ನೆ ಎಂದು ಬರೆದಿತ್ತು. ಅದನ್ನೇ ಹಿಡಿದು ಹುಡುಕಿದೆ. ಕಂಪ್ಯೂಟರಿನ ಮಾತು ಬೋರ್ಡಿನ ಕಿವಿಗೆ ಬೀಳುವುದೇ ಆ ಸೊನ್ನೆಯ ದಾರಿಯಿಂದಂತೆ. ಅಲ್ಲಿಗೆ ಬೇರೆ ತಂತಿ ಸಿಕ್ಕಿಸಿದ್ದರೆ ಅಪ್‌ಲೋಡ್ ಆಗುವುದೇ ಇಲ್ಲ, ತೆಗೆದು ಏರಿಸಿ ಮತ್ತೆ ಸಿಕ್ಕಿಸಬೇಕು. ಹೊಸದಾಗಿ ಕಲಿಯುವವರೆಲ್ಲ ಮಾಡುವ ತಪ್ಪಂತೆ ಅದು. ತಮ್ಮನೂ ಮೊದಲು ಮಾಡಿ, ಆಮೇಲೆ ಅರಿತುಕೊಂಡು, ಪ್ರತಿ ಸಲ ಕೀಳಲು ಅನುಕೂಲವಾಗಲೆಂದು ಅದೊಂದನ್ನು ಹಾಗೇ ಬಿಟ್ಟಿದ್ದಾನೆ. ನನಗೆ ಅವನೇ ಪಕ್ಕದಲ್ಲಿ ಕೂತು "ಇದನ್ನ ಕೀಳಕ್ಕಾ, ಎಷ್ಟ್ ಹೇಳ್ಬೇಕು ನಿನಗ" ಎಂದ ಹಾಗಾಯಿತು. ಅವನು ಹೋದ ಮೇಲೆ ಅಷ್ಟು ಸಂತೋಷ ನನಗೆ ಅದೇ ಮೊದಲು.

ಹಸಿರು ತಂತಿ ಕಿತ್ತೆ. ಅಪ್‌ಲೋಡ್ ಒತ್ತಿದೆ. ಬೋರ್ಡಿನ ಎರಡು ಪುಟ್ಟ ದೀಪಗಳು ತರತರ ನಡುಗಿದವು, ಪರದೆಯ ಮೇಲೆ ಡನ್ ಅಪ್‌ಲೋಡಿಂಗ್ ಎಂದು ಬಂತು. ಮುಗಿಯಿತು. ಅಷ್ಟೊಂದು ಭಾನುವಾರಗಳ ಜಗಳ ಉಗುರು ಕಚ್ಚುವುದರೊಳಗೆ ಮುಗಿದುಹೋಯಿತು.

ತಂತಿ ಮತ್ತೆ ಸಿಕ್ಕಿಸಿ, ಅವ್ವನನ್ನು ದೀಪದೆದುರು ನಿಲ್ಲಿಸಿ, ಹೊರಗೆ ಹೋಗಿ ಎರಡು ಸಲ ಒತ್ತಿದೆ. ಒಳಗೆ ಬಂದಾಗ ಅವ್ವನ ಮುಖ ಅರಳಿತ್ತು. "ಬಂತು, ಬಂತು. ನಿಂದು ಬಂತು ನೋಡು. ನಿನ್ಹಂಗಽ ಜೋರ ಅದ" ಎಂದು ನನ್ನ ಗಲ್ಲ ಹಿಡಿದು ಅಲುಗಿಸಿದಳು. "ಈಗ ತಮ್ಮಂದು ಒತ್ತು" ಎಂದಳು. ಮತ್ತೆ ಹೊರಗೆ ಓಡಿ ಮೂರು ಸಲ ಒತ್ತಿದೆ. ಒಳಗೆ ಬಂದಾಗ ಅವ್ವ ದೀಪವನ್ನೇ ನೋಡುತ್ತಿದ್ದಳು. ಅದು ನಿಧಾನವಾಗಿ ಬೆಳಗಿತು, ಮಂಕಾಯಿತು, ಬೆಳಗಿತು, ಮಂಕಾಗಿ ಆರಿತು. ಅವ್ವ ಇನ್ನೂ ನೋಡುತ್ತಲೇ ಇದ್ದಳು.

"ಮುಗೀತು ಅವ್ವಾ."

"ಕಣ್ಣ ಹೊಡೀಲಿಲ್ಲಲ್ಲ?"

ನನಗೆ ಅರ್ಥವಾಗಲಿಲ್ಲ. ಅವ್ವ ಬೆರಳು ಮಡಚಿ ಬಿಡಿಸಿ ತೋರಿಸಿದಳು. ಎಲ್ಲ ಆರಿದ ಮೇಲೆ, ತುಸು ಹೊತ್ತು ಕತ್ತಲಾಗಿ, ಕಡೆಗೊಮ್ಮೆ ಪಿಳಕ್ಕೆಂದು ಮಿನುಗುತ್ತಿತ್ತಂತೆ. ಬೆಳಕು ಏರುವುದೂ ಹೀಗೆ ಒಂದೇ ಸಮ ಅಲ್ಲವಂತೆ, ನಡುವೆ ಒಂಚೂರು ತಡೆದು ಏರುತ್ತಿತ್ತಂತೆ. "ಗಣಪತಿ ಹಬ್ಬದ ಮುಂದ ಆಫೀಸಿನ ಕರೇ ಕಂಪ್ಯೂಟರ ತಂದು ಕೂತಿದ್ನಲ್ಲ, ಆವಾಗ ಮಾಡ್ಯಾನ. ಅವ್ವಾ, ಇನ್ನ ನಾ ನಿನಗ ಕಣ್ಣ ಹೊಡೀತೀನಿ ನೋಡು ಅಂದ."

ಆ ಕಪ್ಪು ಕಂಪ್ಯೂಟರನ್ನು ಕಾರ್ಖಾನೆಯವರು ಅವನು ಹೋದ ತಿಂಗಳಲ್ಲೇ ಒಯ್ದಿದ್ದರು. ಮರುದಿನ ಫೋನು ಮಾಡಿದೆ. ಹುಡುಕಿ ನೋಡಿ, ಅದರೊಳಗಿನದನ್ನೆಲ್ಲ ಅಳಿಸಿ ಬೇರೊಬ್ಬರಿಗೆ ಕೊಟ್ಟಾಗಿದೆ ಎಂದು ಬಹಳ ಮರ್ಯಾದೆಯಿಂದಲೇ ಹೇಳಿದರು. ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿದ್ದದ್ದು ಅದಕ್ಕೂ ಹಿಂದಿನದು. ಅವನ ಕೊನೆಯ ಕೋಡ್ ಇಡೀ ಜಗತ್ತಿನಲ್ಲಿ ಉಳಿದಿದ್ದದ್ದು ಆ ಬೆಂಕಿಪೆಟ್ಟಿಗೆಯಷ್ಟು ಬೋರ್ಡಿನೊಳಗೆ ಮಾತ್ರ. ಅಷ್ಟು ಭಾನುವಾರವೂ ಆ ಬೋರ್ಡು ನಾನು ಕೊಟ್ಟದ್ದನ್ನು ತೆಗೆದುಕೊಳ್ಳದೆ ಅದನ್ನು ಕಾಪಾಡಿಕೊಂಡಿತ್ತು. ಹೊಸದನ್ನು ಏರಿಸುವ ಮೊದಲು ಹಳೆಯದನ್ನು ಹಾಗೇ ಹೊರಗೆಳೆದು ಎತ್ತಿಟ್ಟುಕೊಳ್ಳುವ ಉಪಾಯವೂ ಇತ್ತಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವತ್ತು ಆಫೀಸಿನ ಬಾತ್‌ರೂಮಿನಲ್ಲಿ ನಿಂತು ನಾನು ಅತ್ತ ಅಳು, ಅವನನ್ನು ಕಳಿಸಿ ಬಂದ ದಿನವೂ ಅತ್ತಿರಲಿಲ್ಲ. ಅವನು ಎರಡನೇ ಸಲ ಸತ್ತ ಹಾಗೆ ಆಯಿತು.

ವಿಷಯ ತಿಳಿಸಿದರೆ ಅವ್ವ ಎಂದಿನಂತೆ ನನ್ನ ತಾಟಿಗೆ ರೊಟ್ಟಿ ಹಾಕಿದಳು. ಅದೇ ನನಗೆ ತಡೆಯಲಾಗಲಿಲ್ಲ. ಬೈಯಬಾರದೇ? ಮರುಭಾನುವಾರ ಹಸಿರು ತಂತಿ ಕಿತ್ತು ಮತ್ತೆ ಕೂತೆ. ಅವನ ದೀಪವನ್ನು ನಾನೇ ಮತ್ತೆ ಮಾಡುತ್ತೇನೆ ಎಂದು ಹಟಕ್ಕೆ ಬಿದ್ದೆ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಷ್ಟು ಹೊತ್ತು ಏರುತ್ತಿತ್ತು, ಎಲ್ಲಿ ತಡೆಯುತ್ತಿತ್ತು, ಕಣ್ಣು ಹೊಡೆಯುವ ಮುಂಚೆ ಎಷ್ಟು ಕತ್ತಲು ಎಂದು ಕೇಳಿದೆ. ಅವಳು ಕೈಯನ್ನು ಗಾಳಿಯಲ್ಲಿ ಮೇಲೆತ್ತಿ ಇಳಿಸಿ ತೋರಿಸುವಳು, ನಾನು ಅಂಕಿ ಬದಲಿಸಿ ಏರಿಸುವೆ. "ಇಲ್ಲ, ಇನ್ನೂ ಸಾವಕಾಶ." ಬದಲಿಸುವೆ. "ಇಲ್ಲವಾ, ಇಷ್ಟು ಅಲ್ಲ." ಈಗ ಅಪ್‌ಲೋಡು ಒಂದು ಸಲವೂ ತಪ್ಪುತ್ತಿರಲಿಲ್ಲ, ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುತ್ತಿತ್ತು. ನಾನು ಆ ದೀಪವನ್ನು ಒಂದೇ ಒಂದು ಸಂಜೆ ಸರಿಯಾಗಿ ನೋಡಿದ್ದರೆ ಸಾಕಾಗಿತ್ತು. ನನ್ನ ಕಣ್ಣಿನಲ್ಲಿ ಅದಿರಲಿಲ್ಲ, ಅವ್ವನ ಕಣ್ಣಿನಲ್ಲಿದ್ದದ್ದು ನನ್ನ ಅಂಕಿಗಳಿಗೆ ಸಿಗುತ್ತಿರಲಿಲ್ಲ.

ಹೀಗೆ ಇನ್ನೂ ಕೆಲವು ಭಾನುವಾರಗಳು ಕಳೆದವು. ಕೊನೆಗೊಂದು ಮಧ್ಯಾಹ್ನ ದೀಪ ಏರಿ, ತಡೆದು, ಏರಿ, ಇಳಿದು, ಕತ್ತಲಾಗಿ, ಪಿಳಕ್ಕೆಂದಿತು. ಅವ್ವ ನನ್ನ ಮುಖ ನೋಡಿದಳು. ನನ್ನ ಕಣ್ಣು ಕೆಂಪಾಗಿದ್ದವು, ಕೂದಲು ಕೆದರಿತ್ತು, ಬೆಳಗಿನಿಂದ ಒಂದೇ ಕಪ್ ಚಹಾದ ಮೇಲಿದ್ದೆ.

"ಹೂಂ. ಇದಽ ನೋಡು. ಅಗದೀ ಇದಽ. ಬಂದ್ಬಿಡ್ತು" ಎಂದಳು.

"ಖರೇನಾ ಅವ್ವಾ?"

"ಖರೇ ಅಂತೀನಿ. ಸಾಕಿನ್ನ ಮುಟ್ಟಬ್ಯಾಡ ಅದನ್ನ. ಏಳು, ಉಣ್ಣೇಳು."

ಅವತ್ತು ನಾನು ಹೊಟ್ಟೆ ತುಂಬ ಉಂಡೆ. ಗೆದ್ದೆ ಅನ್ನಿಸಿತು. ತಮ್ಮಾ, ನಿನ್ನ ದೀಪ ವಾಪಸ್ಸು ತಂದೆ ನೋಡೋ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಆ ವಾರದ ಕೊನೆಗೆ, ಆಫೀಸಿನಿಂದ ಬರುವಾಗ ಸಯನ್ ಸ್ಟೇಷನ್ನಿನ ಹೊರಗೆ ಹೂವಿನವಳು ಬುಟ್ಟಿ ಕಟ್ಟುತ್ತಿದ್ದದ್ದು ಕಂಡಿತು. ಹೊಸ ದೀಪ ಬಂದ ಖುಷಿಯಲ್ಲಿದ್ದೆನಲ್ಲ, ನಾನೇ ನಿಂತು ಮಾತಾಡಿಸಿದೆ. ಇವತ್ತು ನಮ್ಮನೆಗೆ ಹೂ ಕೊಟ್ಟು ಗಂಟೆ ಒತ್ತಿದೆಯಾ ಎಂದು ಕೇಳಿದೆ.

"ಹೂ ಕೊಟ್ಟೀನ್ರಿ. ಗಂಟಿ ಒತ್ತಿಲ್ರಿ ಅಕ್ಕಾರ. ಸೋಮವಾರಽ ಅಮ್ಮಾರು ಬಾಗಲದಾಗ ನಿಂತು ನಕೋ ಅಂದ್ರು."

"ಬ್ಯಾಡ ಅಂದ್ಳಾ? ಯಾಕ?"

ಅವಳು ಬುಟ್ಟಿಯ ಹಗ್ಗ ಬಿಗಿಯುತ್ತ ನನ್ನ ಮುಖ ನೋಡದೆ ಹೇಳಿದಳು. "ಏನೋ ಗೊತ್ತಿಲ್ರಿ. ಇನ್ನ ಒತ್ತಬ್ಯಾಡವಾ, ಅದೀಗ ನನ್ನ ಮಗಂದಲ್ಲ ಅಂದ್ರು. ನಮ್ಮ ಹುಡುಗಿ ಕೇಳಿದ್ರ, ದಿನಾ ಒತ್ತತೀನಿ ಅಂತ ಹೇಳು ಅಂದ್ರು. ನಂಗ ಸುಳ್ಳ ಹೇಳಾಕ ಬರೂದಿಲ್ರಿ, ತಪ್ಪ ತಿಳೀಬ್ಯಾಡ್ರಿ."

ಮನೆಯ ಮೆಟ್ಟಿಲನ್ನು ಅವತ್ತು ಹೇಗೆ ಹತ್ತಿದೆನೋ. ಬಾಗಿಲಲ್ಲಿ ನಿಂತು ಎರಡು ಸಲ ಗಂಟೆ ಒತ್ತಿದೆ. ಕ್ಷಣದಲ್ಲೇ ಚಿಲಕ ತೆಗೆದ ಸದ್ದಾಯಿತು. ಅವ್ವನ ಕೈಯೆಲ್ಲ ಜೋಳದ ಹಿಟ್ಟು.

"ಬಂದೀ? ದೀಪ ನೋಡಿದ ಕೂಡ್ಲೇ ತಿಳೀತು ನೀನಽ ಅಂತ" ಎಂದಳು. ಒಳಗೆ ತಿರುಗಿದವಳು ನನ್ನ ಮುಖದಲ್ಲಿ ಏನು ಕಂಡಳೋ, ನಿಂತಳು. ಆಮೇಲೆ ನಾನು ಕೇಳದೆಯೇ, ಅಂಗಡಿಯಲ್ಲಿ ಹಟ ಹಿಡಿದ ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ, "ಹೂವಿನಾಕಿ ಈಗರೆ ಬಂದು ಗಂಟಿ ಒತ್ತಿ ಹೋದ್ಲು. ತಮ್ಮನ ದೀಪ ಎಷ್ಟು ಛಂದ ಬಂತಂತಿ. ಕಣ್ಣೂ ಹೊಡೀತು ನೋಡು" ಎಂದಳು.

"ಹೌದಾ ಅವ್ವಾ? ಛಲೋ ಆತು" ಎಂದೆ, ತುಟಿ ನೆಟ್ಟಗೆ ಕಾಣುವ ಹಾಗೆ.

ಕೈಕಾಲು ತೊಳೆಯುತ್ತೇನೆಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಎಷ್ಟು ಜೋರಾಗಿ ಅತ್ತರೂ ಅವ್ವನಿಗೆ ಕೇಳಿಸುವುದಿಲ್ಲ. ಆದರೂ ನಲ್ಲಿ ಪೂರ್ತಿ ಬಿಟ್ಟುಕೊಂಡೇ ಅತ್ತೆ.